ಟ್ರಂಕಿನಲ್ಲಿ ಬಂದ ಬಟ್ಟೆ



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರದು ಬೆಳಗಾವಿ ಕಡೆಯ ಹಳ್ಳಿ. ಗಂಡ ಸೈನ್ಯದಲ್ಲಿದ್ದಾರೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಎಂಬ ದಳದ ಕೇಂದ್ರ ಇದೆ. ಆ ಸುತ್ತಿನ ಎಷ್ಟೋ ಮನೆಗಳ ಗಂಡಸರು ಸೈನ್ಯ ಸೇರಿದ್ದಾರೆ. ವರ್ಷಕ್ಕೊಮ್ಮೆ ರಜೆಗೆ ಬರುತ್ತಾರೆ. ತಲೆ ಮೇಲೆ ಕಪ್ಪು ಟ್ರಂಕು. ಅದರ ತುಂಬ ಬಟ್ಟೆ, ಕಂಬಳಿ, ಮಕ್ಕಳಿಗೆ ಸಿಹಿ.

ಒಂದು ಸಂಜೆ ಆ ಅಕ್ಕ ಪಾಟಿಯನ್ನು ಪಕ್ಕಕ್ಕಿಟ್ಟು ನಮ್ಮನ್ನು ಕೇಳಿದರು.

"ನಮ್ಮನಿಯವರು ರಜಾ ಮ್ಯಾಲೆ ಬಂದಾರ್ರಿ. ಬರೂ ಮುಂದ ಅವರ ಕ್ಯಾಂಪಿನ್ಯಾಗ ವಾಂತಿ-ಭೇದಿ ಎದ್ದಿತ್ತಂತ. ಇವರಿಗೂ ಆಗಿತ್ತಂತ. ಈಗ ಆರಾಮ ಅದಾರ. ಆದರ ಆ ಬಟ್ಟಿ ಹಂಗ ಟ್ರಂಕಿನ್ಯಾಗ ತುಂಬಿಕೊಂಡು ಬಂದಾರ. ನಮ್ಮ ಅತ್ತಿ ಎಲ್ಲಾದಕ್ಕೂ ಬ್ಲೀಚಿಂಗ್ ಪುಡಿ ಹಾಕು ಅಂತಾರ. ಇವರು ಯೂನಿಫಾರ್ಮಿಗೆ ಅದನ್ನ ಮುಟ್ಟಿಸಬ್ಯಾಡ ಅಂತಾರ. ಮನ್ಯಾಗ ಸಣ್ಣ ಕೂಸು ಐತಿ. ಯಾರ ಮಾತು ಕೇಳಲಿರಿ?"

ಒಳ್ಳೆಯ ಪ್ರಶ್ನೆ. ನಾವು ಕೂಡಲೇ ಉತ್ತರ ಹೇಳಲಿಲ್ಲ. ಆರೋಗ್ಯ ಕೇಂದ್ರದ ನರ್ಸಕ್ಕನನ್ನು ಕೇಳಿದೆವು. ಪುಸ್ತಕ ಓದಿದೆವು. ಓದುತ್ತಾ ಹೋದಂತೆ ಸೈನ್ಯ, ಬಟ್ಟೆ, ರೋಗ ಇವುಗಳ ಕಥೆ ಬಹಳ ಹಳೆಯದು ಎಂದು ತಿಳಿಯಿತು. ಅದನ್ನೇ ಇಲ್ಲಿ ಬರೆದಿದ್ದೇವೆ.

ಸೈನ್ಯಕ್ಕೆ ಬರುವ ರೋಗ

ಸೈನಿಕರು ಒಂದೇ ಕಡೆ ನೂರಾರು ಜನ ಇರುತ್ತಾರೆ. ಒಟ್ಟಿಗೆ ಮಲಗುತ್ತಾರೆ. ಒಟ್ಟಿಗೆ ಉಣ್ಣುತ್ತಾರೆ. ಒಬ್ಬರಿಗೆ ಬಂದ ರೋಗ ಬೇಗ ಹತ್ತು ಜನಕ್ಕೆ ಹರಡುತ್ತದೆ.

2002ರ ಮೇ ತಿಂಗಳಲ್ಲಿ ಅಫಘಾನಿಸ್ತಾನದ ಬಾಗ್ರಾಮ್ ಎಂಬಲ್ಲಿ ಹೀಗೇ ಆಯಿತು. ಅಲ್ಲಿ ಬ್ರಿಟಿಷ್ ಸೈನ್ಯದ ಆಸ್ಪತ್ರೆ ಇತ್ತು. ಒಂದೇ ವಾರದಲ್ಲಿ ಸೈನಿಕರು, ಆಸ್ಪತ್ರೆಯವರು ಸೇರಿ 29 ಜನರಿಗೆ ಕಾಯಿಲೆ ಬಂತು. ಇಬ್ಬರಿಗೆ ಉಸಿರಾಟದ ಯಂತ್ರ ಹಾಕಬೇಕಾಯಿತು. ಗಟ್ಟಿಮುಟ್ಟಾದ ಆಳುಗಳು! ಅವರನ್ನು ಕೆಡವಿದ್ದು ಶತ್ರುವಿನ ಗುಂಡಲ್ಲ. ನೊರೊವೈರಸ್ ಎಂಬ ವಾಂತಿ-ಭೇದಿಯ ವೈರಸ್. ಈ ವೈರಸ್ ಕೈಯಿಂದ, ಆಹಾರದಿಂದ, ನೀರಿನಿಂದ, ಹೊಲಸಾದ ಬಟ್ಟೆಯಿಂದಲೂ ಹರಡುತ್ತದೆ. ಕೆಲವೇ ಕಣಗಳು ಹೊಟ್ಟೆಗೆ ಹೋದರೂ ಸಾಕು.

ವೈರಸ್ ಎಷ್ಟು ಚಿಕ್ಕದು ಗೊತ್ತೇ? ನಿಮ್ಮ ಅಳತೆಪಟ್ಟಿಯಲ್ಲಿ ಒಂದು ಮಿಲಿಮೀಟರಿನ ಗೆರೆ ನೋಡಿ. ಅಷ್ಟು ಜಾಗದಲ್ಲಿ ಸುಮಾರು 30 ಸಾವಿರ ನೊರೊವೈರಸ್ ಸಾಲಾಗಿ ನಿಲ್ಲಬಹುದು. ಹತ್ತಿಯ ಒಂದು ಎಳೆ ಅದರ ಮುಂದೆ ದೊಡ್ಡ ಮರದ ದಿಮ್ಮಿ ಇದ್ದಂತೆ. ಬಟ್ಟೆಯ ಎಳೆಗಳ ಸಂದಿಯಲ್ಲಿ ಅದು ಸುಲಭವಾಗಿ ಅಡಗುತ್ತದೆ.

ಒಂದು ಸಮಾಧಾನ ಇದೆ. ಬಟ್ಟೆಯ ಮೇಲೆ ವೈರಸ್ ಮರಿ ಹಾಕುವುದಿಲ್ಲ. ಅದು ಬೆಳೆಯಬೇಕಾದರೆ ಜೀವ ಇರುವ ಶರೀರ ಬೇಕು. ಬಟ್ಟೆಯ ಮೇಲೆ ಅದು ದಿನದಿನಕ್ಕೆ ಕಡಿಮೆ ಆಗುತ್ತಾ ಹೋಗುತ್ತದೆ. ಎಷ್ಟು ಬೇಗ ಕಡಿಮೆ ಆಗುತ್ತದೆ ಎನ್ನುವುದು ಬಟ್ಟೆಯ ಮೇಲೆ, ಹವೆಯ ಮೇಲೆ, ವೈರಸ್ಸಿನ ಜಾತಿಯ ಮೇಲೆ ನಿಂತಿದೆ.

ಎರಡು ಕಂಬಳಿಯ ಕಥೆ

ಹಿಂದೆ ಸಿಡುಬು ಎಂಬ ರೋಗ ಇತ್ತು. ನಮ್ಮ ಅಜ್ಜಿಯರಿಗೆ ಗೊತ್ತು. ಮುಖದ ತುಂಬ ಕಲೆ ಉಳಿಯುತ್ತಿತ್ತು. ಎಷ್ಟೋ ಜನ ಸಾಯುತ್ತಿದ್ದರು. ಅದೂ ವೈರಸ್ ರೋಗವೇ. ಲಸಿಕೆಯಿಂದ ಅದು ಇಡೀ ಲೋಕದಿಂದ ತೊಲಗಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೆಂದು ಸಾರಿತು.

1763ರಲ್ಲಿ ಅಮೆರಿಕದ ಫೋರ್ಟ್ ಪಿಟ್ ಎಂಬ ಕೋಟೆಯಲ್ಲಿ ಬ್ರಿಟಿಷರ ಸೈನ್ಯ ಇತ್ತು. ಅಲ್ಲಿಯ ಮೂಲ ನಿವಾಸಿಗಳು ಕೋಟೆಗೆ ಮುತ್ತಿಗೆ ಹಾಕಿದ್ದರು. ಅವರ ಇಬ್ಬರು ಮುಖಂಡರು ಮಾತುಕತೆಗೆ ಬಂದರು. ಹೋಗುವಾಗ ಕೋಟೆಯವರು ಅವರಿಗೆ ಎರಡು ಕಂಬಳಿ, ಒಂದು ಕರವಸ್ತ್ರ ಕೊಟ್ಟರು. ಪ್ರೀತಿಯ ಉಡುಗೊರೆ ಅಲ್ಲ! ಸಿಡುಬು ರೋಗಿಗಳ ಕೋಣೆಯಿಂದ ತಂದ ಬಟ್ಟೆ. ರೋಗ ಹರಡಲಿ ಎಂದೇ ಕೊಟ್ಟದ್ದು. ಆ ಕಂಬಳಿಯಿಂದಲೇ ರೋಗ ಹರಡಿತೇ ಎಂಬ ವಾದ ಇನ್ನೂ ಇದೆ. ಸಿಡುಬು ಆಗಲೇ ಆ ಸೀಮೆಯಲ್ಲಿತ್ತು. ಆದರೆ ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಎನ್ನುವುದರಲ್ಲಿ ಅನುಮಾನ ಇಲ್ಲ. ವೈರಸ್ ಎಂಬ ಹೆಸರೇ ಗೊತ್ತಿಲ್ಲದ ಕಾಲ ಅದು. ಆದರೂ ಬಟ್ಟೆಯಲ್ಲಿ ರೋಗ ಕೂರುತ್ತದೆ ಎನ್ನುವುದು ಜನರಿಗೆ ಗೊತ್ತಿತ್ತು.

ಮುಂದೆ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದರು. ಅಮೆರಿಕದಲ್ಲಿ 1966ರಲ್ಲಿ ಒಂದು ವರದಿ ಬಂತು. ಉಣ್ಣೆ ಕಂಬಳಿ, ಕೋಟು ಹೊಲಿಯುವ ಉಣ್ಣೆ ಬಟ್ಟೆ, ಹತ್ತಿಯ ಬಟ್ಟೆ, ಹೀಗೆ ಹಲವು ತುಂಡುಗಳಿಗೆ ಪೋಲಿಯೋ ವೈರಸ್ ಹಚ್ಚಿದರು. ಒಣ ಹವೆಯಲ್ಲಿ ಇಟ್ಟರು. ಹತ್ತಿಯ ಮೇಲೆ ವೈರಸ್ 1ರಿಂದ 4 ವಾರ ಉಳಿಯಿತು. ಉಣ್ಣೆಯ ಮೇಲೆ 20 ವಾರದವರೆಗೂ ಉಳಿಯಿತು. ಅಂದರೆ ನಾಲ್ಕೂವರೆ ತಿಂಗಳು!

ಎಲ್ಲ ವೈರಸ್ಸೂ ಹೀಗೆ ಗಟ್ಟಿ ಅಲ್ಲ. 2020ರಲ್ಲಿ ಕೊರೊನಾ ವೈರಸ್ಸನ್ನು ಬಟ್ಟೆಗೆ ಹಚ್ಚಿ ನೋಡಿದರು. ಎರಡನೇ ದಿನಕ್ಕೆ ಜೀವ ಇರುವ ವೈರಸ್ ಸಿಗಲಿಲ್ಲ. ಕೊರೊನಾ ಹೆಚ್ಚಾಗಿ ಹರಡಿದ್ದು ಉಸಿರಿನ ಗಾಳಿಯಿಂದ. ಬಟ್ಟೆಯಿಂದ ಹರಡಿದ್ದು ಅಪರೂಪ. ಆಗ ನಾವೆಲ್ಲ ಪೇಟೆಯಿಂದ ಬಂದ ಕೂಡಲೇ ಸೀರೆ ಒಗೆದದ್ದು ನೆನಪಿದೆಯೇ? ಅಷ್ಟು ಹೆದರಬೇಕಾಗಿರಲಿಲ್ಲ.

ಸೋಪು ಏನು ಮಾಡುತ್ತದೆ?

ವೈರಸ್ಸುಗಳಲ್ಲಿ ಎರಡು ಬಗೆ. ಕೆಲವಕ್ಕೆ ಮೈಮೇಲೆ ಜಿಡ್ಡಿನ ಹೊದಿಕೆ ಇದೆ. ಫ್ಲೂ ಜ್ವರ, ಕೊರೊನಾ ಇವುಗಳ ವೈರಸ್ ಈ ಬಗೆಯವು. ಇನ್ನು ಕೆಲವಕ್ಕೆ ಹೊದಿಕೆ ಇಲ್ಲ. ಪೋಲಿಯೋ, ನೊರೊವೈರಸ್, ಮಕ್ಕಳಿಗೆ ಭೇದಿ ತರುವ ರೋಟಾವೈರಸ್, ಕಾಮಾಲೆ ತರುವ ಹೆಪಟೈಟಿಸ್-ಎ ಇವು ಆ ಬಗೆಯವು.

ಹೊದಿಕೆ ಇರುವುದು ಗಟ್ಟಿ, ಇಲ್ಲದ್ದು ಮೆತ್ತಗೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಸೋಪಿನ ಮುಂದೆ ಅದು ತಿರುವುಮುರುವು!

ಎಣ್ಣೆ ಹತ್ತಿದ ಬೋಗುಣಿಯನ್ನು ಬರೀ ನೀರಿನಲ್ಲಿ ತೊಳೆದು ನೋಡಿ. ಜಿಡ್ಡು ಹೋಗುವುದಿಲ್ಲ. ಸೋಪು ಹಾಕಿದರೆ ಹೋಗುತ್ತದೆ. ಯಾಕೆ? ಸೋಪಿನ ಕಣಕ್ಕೆ ಎರಡು ತುದಿ. ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಜಿಡ್ಡು ನೀರಿನ ಜೊತೆ ಹೊರಟುಹೋಗುತ್ತದೆ. ಕೊರೊನಾದಂಥ ವೈರಸ್ಸಿನ ಹೊದಿಕೆಯೂ ಜಿಡ್ಡೇ. ಸೋಪು ಅದನ್ನು ಕಿತ್ತುಹಾಕುತ್ತದೆ. ಹೊದಿಕೆ ಹರಿದ ವೈರಸ್ ಸತ್ತಂತೆಯೇ.

ನೊರೊವೈರಸ್ಸಿಗೆ ಜಿಡ್ಡಿನ ಹೊದಿಕೆ ಇಲ್ಲ. ಸೋಪಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹಾಗಾದರೆ ಸೋಪು ಹಾಕುವುದು ವ್ಯರ್ಥವೇ? ಅಲ್ಲ. ಅದು ವೈರಸ್ಸನ್ನು ಕೊಲ್ಲದಿದ್ದರೂ ಬಟ್ಟೆಯಿಂದ ಬಿಡಿಸುತ್ತದೆ. ಬಟ್ಟೆಗೆ ಅಂಟಿದ ಹೊಲಸಿನ ಜೊತೆ ವೈರಸ್ಸೂ ಕಳಚಿಕೊಳ್ಳುತ್ತದೆ. ನೀವು ಉಜ್ಜುವುದು, ಕುಸುಬುವುದು, ಕಲ್ಲಿಗೆ ಒಗೆಯುವುದು, ಮತ್ತೆ ಮತ್ತೆ ಜಾಲಿಸುವುದು ಎಲ್ಲ ಅದೇ ಕೆಲಸ.

ಆದರೆ ಬಟ್ಟೆ ಬಿಟ್ಟ ವೈರಸ್ ಎಲ್ಲಿಗೆ ಹೋಯಿತು? ಬಕೆಟ್ಟಿನ ನೀರಿಗೆ. ಆ ನೀರಿನಲ್ಲೇ ಕೂಸಿನ ಲಂಗೋಟಿ ಅದ್ದಿದರೆ ಅದಕ್ಕೂ ಅಂಟುತ್ತದೆ. 2007ರಲ್ಲಿ ಅಮೆರಿಕದ ಅರಿಜೋನಾದ ವಿಜ್ಞಾನಿಗಳು ಇದನ್ನು ತೋರಿಸಿದರು. ವೈರಸ್ ಹಚ್ಚಿದ ಬಟ್ಟೆ, ಶುದ್ಧ ಬಟ್ಟೆ ಎರಡನ್ನೂ ಒಟ್ಟಿಗೆ ಯಂತ್ರದಲ್ಲಿ ಒಗೆದರು. ನೀರು ತಣ್ಣಗಿತ್ತು. ಸೋಪಿನ ಪುಡಿ ಹಾಕಿದ್ದರು. ಆದರೂ ವೈರಸ್ ಪೂರಾ ಹೋಗಲಿಲ್ಲ. ಶುದ್ಧ ಬಟ್ಟೆಗೂ ಅಂಟಿತು. ಬ್ಲೀಚ್ ದ್ರಾವಣ ಹಾಕಿ ಒಗೆದು ಒಣಗಿಸಿದಾಗ ಮಾತ್ರ 10 ಸಾವಿರದಲ್ಲಿ 9,999 ವೈರಸ್ ಹೋದವು.

ನೋಡಿದಿರಾ? ಅತ್ತೆಯ ಮಾತಿನಲ್ಲಿ ಹುರುಳಿದೆ.

ಬೆಂಕಿ ಮತ್ತು ಬಿಸಿಲು

ಬ್ಲೀಚಿಂಗ್ ಪುಡಿ ಇಲ್ಲದ ಕಾಲದಲ್ಲೂ ಮಡಿವಾಳರಿಗೆ ಒಂದು ವಿದ್ಯೆ ಗೊತ್ತಿತ್ತು. ಬಟ್ಟೆಗೆ ಚೌಳು ಮಣ್ಣು ಹಚ್ಚುವುದು. ದೊಡ್ಡ ಹರವಿಯಲ್ಲಿ ಉಬ್ಬೆ ಹಾಕುವುದು. ಬಂಡೆಗೆ ಒಗೆಯುವುದು. ಬಿಸಿಲಿನಲ್ಲಿ ಹರವುವುದು. ಬಟ್ಟೆ ಬೆಳ್ಳಗಾಗಲಿ ಎಂದು ಅವರು ಹೀಗೆ ಮಾಡಿದರು. ರೋಗಾಣುವೂ ಸಾಯುತ್ತಿತ್ತು.

ಶಾಖಕ್ಕೆ ವೈರಸ್ ಹೆದರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಬಟ್ಟೆಯನ್ನು 71 ಡಿಗ್ರಿ ಬಿಸಿಯ ನೀರಿನಲ್ಲಿ 25 ನಿಮಿಷ ಒಗೆಯಬೇಕು ಎಂಬ ನಿಯಮ ಇದೆ. ಕುದಿಯುವ ನೀರು 100 ಡಿಗ್ರಿ. ನಿಮ್ಮ ಕೈ ತಾಳುವ ನೀರು ಇವೆರಡಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ "ಬಿಸಿ ನೀರಲ್ಲೇ ಒಗೆದೆ" ಎಂದರೆ ಸಾಲದು. ಕೈ ಹಾಕಲು ಬಂದರೆ ಅದು ವೈರಸ್ ಸಾಯುವ ಬಿಸಿ ಅಲ್ಲ. ಕೋಲಿನಿಂದ ತಿರುವಬೇಕು.

ಪೋಲಿಯೋ ವೈರಸ್ ಹಚ್ಚಿದ ಬಟ್ಟೆಗಳನ್ನು ಒಗೆದು ನೋಡಿದ ಪರೀಕ್ಷೆಯ ವರದಿ 1971ರಲ್ಲಿ ಬಂತು. ತಣ್ಣೀರಿಗಿಂತ ಬಿಸಿ ನೀರು ಚೆನ್ನಾಗಿ ಕೆಲಸ ಮಾಡಿತು. ಒಗೆದ ಬಟ್ಟೆಯನ್ನು ಒಣಗಲು ಬಿಟ್ಟಾಗ ವೈರಸ್ ಇನ್ನಷ್ಟು ಕಡಿಮೆ ಆಯಿತು. ಒಣಗಿಸುವುದೂ ಒಗೆಯುವುದರ ಒಂದು ಭಾಗವೇ. ನಮಗಂತೂ ಬಿಸಿಲು ಪುಕ್ಕಟೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ವೈರಸ್ಸನ್ನು ಕೆಡಿಸುತ್ತದೆ. ಎರಡೂ ಮಗ್ಗುಲು ತಿರುವಿ ಒಣಗಿಸಬೇಕು. ಅರ್ಧ ಒಣಗಿದ ಬಟ್ಟೆ ಮಡಚಿ ಇಡಬಾರದು.

ಹಾಗಾದರೆ ಯೂನಿಫಾರ್ಮಿಗೆ ಬ್ಲೀಚ್ ಯಾಕೆ ಬೇಡ?

ಗಂಡನ ಮಾತಿನಲ್ಲೂ ಹುರುಳಿದೆ. ಇದು ನಮಗೂ ಹೊಸ ವಿಷಯ.

ಸೈನಿಕನ ಬಟ್ಟೆಯ ಬಣ್ಣ ಅಂದಕ್ಕೆ ಅಲ್ಲ. ಅಡಗಲು. ಖಾಕಿ ಎಂದರೆ ಮಣ್ಣಿನ ಬಣ್ಣ. ಮಣ್ಣಿನಲ್ಲಿ ಮಣ್ಣಾಗಿ ಕಾಣಲಿ ಎಂದು ಬಂದ ಬಣ್ಣ. (ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲೂ ಹಿಂದೆ ಖಾಕಿ ಬಟ್ಟೆ ತಯಾರಾಗುತ್ತಿತ್ತು.) ನಮ್ಮ ಸೈನ್ಯದ ಹೊಸ ಸಮವಸ್ತ್ರವನ್ನು 2022ರ ಜನವರಿ 15ರಂದು ದೆಹಲಿಯಲ್ಲಿ ಜನರಿಗೆ ತೋರಿಸಿದರು. ಅದರಲ್ಲಿ 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್. ಮೈತುಂಬ ಹಸಿರು, ಮಣ್ಣು ಬಣ್ಣದ ಚಿಕ್ಕ ಚಿಕ್ಕ ಚೌಕ.

ಬ್ಲೀಚ್ ಬಣ್ಣ ತಿನ್ನುತ್ತದೆ. ಬಿಳಿ ಮಚ್ಚೆ ಬಿದ್ದ ಸೈನಿಕ ಪೊದೆಯಲ್ಲಿ ದೂರಕ್ಕೇ ಕಾಣುತ್ತಾನೆ. ಅಷ್ಟೇ ಅಲ್ಲ. ಈಗ ಕತ್ತಲಲ್ಲೂ ನೋಡುವ ದುರ್ಬೀನು ಬಂದಿವೆ. ಅವಕ್ಕೂ ಕಾಣದಂತೆ ಅಮೆರಿಕದಂಥ ದೇಶಗಳ ಸೈನ್ಯ ತನ್ನ ಬಟ್ಟೆಗೆ ವಿಶೇಷ ಬಣ್ಣ ಹಾಕುತ್ತದೆ. ಆ ಸೈನ್ಯ ತನ್ನ ಸೈನಿಕರಿಗೆ ಒಂದು ಸೂಚನೆ ಕೊಟ್ಟಿದೆ. ಬ್ಲೀಚ್ ಹಾಕಬೇಡಿ. ಗಂಜಿ ಹಾಕಬೇಡಿ. ಬಟ್ಟೆ ಫಳಫಳ ಹೊಳೆಯುವಂತೆ ಮಾಡುವ ಸೋಪಿನ ಪುಡಿ ಬಳಸಬೇಡಿ. ಆ ಪುಡಿಯಲ್ಲಿ ಹೊಳಪಿನ ಒಂದು ರಾಸಾಯನಿಕ ಇರುತ್ತದೆ. ಅದು ಬಟ್ಟೆಯಲ್ಲೇ ಉಳಿಯುತ್ತದೆ. ದುರ್ಬೀನಿನಲ್ಲಿ ನೋಡುವ ಶತ್ರುವಿಗೆ ಸೈನಿಕ ಎದ್ದು ಕಾಣುತ್ತಾನೆ.

ಅಕ್ಕ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. "ಹೊಳೀಲಿ ಅಂತ ನಾನು ಪ್ರತಿ ಸಲ ಆ ಪುಡೀನ ಹಾಕ್ತಿದ್ದೆರಿ" ಎಂದರು.

ಒಗೆಯುವ ಕೈ

ಕೈಯ ವಿಷಯ ಬಂದಾಗ ನಾವು ಒಂದು ಮಾತು ಹೇಳಲೇಬೇಕು. ಸೈನಿಕರ ಬಟ್ಟೆ ಒಗೆದ ಹೆಂಗಸರ ಹೆಸರು ಚರಿತ್ರೆಯಲ್ಲಿ ಸಿಗುವುದಿಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ಕಾಲ. ಟರ್ಕಿಯ ಸ್ಕುಟಾರಿ ಎಂಬಲ್ಲಿ ಬ್ರಿಟಿಷ್ ಸೈನ್ಯದ ಆಸ್ಪತ್ರೆ ಇತ್ತು. ದಾದಿ ಫ್ಲಾರೆನ್ಸ್ ನೈಟಿಂಗೇಲ್ ಅಲ್ಲಿಗೆ ಹೋದರು. ಗಾಯಾಳುಗಳ ಬಟ್ಟೆ ಒಗೆಯಲು ಸರಿಯಾದ ವ್ಯವಸ್ಥೆಯೇ ಇರಲಿಲ್ಲ. ಅವರು ಒಂದು ಮನೆ ಬಾಡಿಗೆ ಹಿಡಿದರು. ನೀರು ಕಾಯಿಸುವ ಹಂಡೆಗಳನ್ನು ಹಾಕಿಸಿದರು. ಸೈನಿಕರ ಹೆಂಡಂದಿರನ್ನೇ ಒಗೆಯುವ ಕೆಲಸಕ್ಕೆ ಇಟ್ಟುಕೊಂಡರು. ನೈಟಿಂಗೇಲ್ ಹೆಸರು ಎಲ್ಲರಿಗೂ ಗೊತ್ತು. ಆ ಹಂಡೆಯ ಮುಂದೆ ನಿಂತವರ ಹೆಸರು ಯಾರಿಗೆ ಗೊತ್ತು?

ಆ ಕೆಲಸದಲ್ಲಿ ಅಪಾಯವೂ ಇತ್ತು. ಸಿಡುಬು ಇದ್ದ ಕಾಲದಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆದವರಿಗೇ ಸಿಡುಬು ತಗುಲಿದ್ದು ಉಂಟು. ಒಣಗಿದ ಹಕ್ಕಳೆ ಬಟ್ಟೆಗೆ ಅಂಟಿರುತ್ತಿತ್ತು. ಬಟ್ಟೆ ಕೊಡವಿದಾಗ ಮೂಗಿಗೆ ಹೋಗುತ್ತಿತ್ತು. ಬಟ್ಟೆ ಒಗೆದು ಶುದ್ಧವಾಗುವ ಮೊದಲು ಅದನ್ನು ಮುಟ್ಟುವವರು ಯಾರು? ಒಗೆಯುವವರೇ. ಆದ್ದರಿಂದ ಮೊದಲು ಅವರ ಮೈ ಕಾಯಬೇಕು.

ಅಕ್ಕನ ಮನೆಯಲ್ಲಿ ಹೇಗೆ ಒಗೆದರು

ನಾವು ತಿಳಿದದ್ದನ್ನೆಲ್ಲ ಅಕ್ಕನಿಗೆ ಹೇಳಿದೆವು. ಕೊನೆಗೆ ಒಂದು ಮಾತು ಸೇರಿಸಿದೆವು. "ಅಕ್ಕ, ಈ ರೋಗ ಬಂದು ಹೋದವರಿಗೆ ಸ್ವಲ್ಪ ದಿನ ಅದೇ ರೋಗ ಮತ್ತೆ ಬರುವುದು ಕಡಿಮೆ. ನಿಮಗೆ ಬಂದಿಲ್ಲ. ಕೂಸಿಗೂ ಬಂದಿಲ್ಲ. ಹಾಗಾದರೆ ಈ ಬಟ್ಟೆ ಯಾರು ಒಗೆದರೆ ಒಳ್ಳೆಯದು?"

ತರಗತಿಯಲ್ಲಿ ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಸೈನ್ಯದಲ್ಲಿ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುವವರಿಗೆ ಮನೆಯಲ್ಲಿ ಒಗೆಯಲು ಬಾರದೇ?

ಭಾನುವಾರ ಗಂಡನೇ ಹಿತ್ತಲಿಗೆ ಹೋದರು. ಟ್ರಂಕನ್ನು ಅಲ್ಲೇ ತೆರೆದರು. ಬಟ್ಟೆ ಕೊಡವಲಿಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದರು. ಕೈಗೆ ರಬ್ಬರ್ ಗ್ಲೌಸು ಇತ್ತು. ಹತ್ತಿದ್ದ ಹೊಲಸನ್ನು ಹಳೆಯ ಪೇಪರಿನಿಂದ ತೆಗೆದು ಹೂತರು. ಮೊದಲು ತಣ್ಣೀರಿನಲ್ಲಿ ಜಾಲಿಸಿದರು. ಮೊದಲೇ ಕುದಿ ನೀರು ಹಾಕಿದರೆ ಕಲೆ ಬಟ್ಟೆಯಲ್ಲೇ ಕಚ್ಚಿಕೊಳ್ಳುತ್ತದೆ. ಆ ನೀರನ್ನು ಪಾಯಖಾನೆಗೆ ಸುರಿದರು. ಬಾವಿಯ ಹತ್ತಿರ, ಹಳ್ಳದ ಹತ್ತಿರ ಒಯ್ಯಲಿಲ್ಲ.

ಆಮೇಲೆ ಬಟ್ಟೆಯನ್ನು ಮೂರು ಪಾಲು ಮಾಡಿದರು.

ಬನಿಯನ್, ಚಡ್ಡಿ, ಟವೆಲ್ಲು, ಬಿಳಿ ಚಾದರ ಎಲ್ಲ ಹತ್ತಿಯವು. ಅವನ್ನು ಹಂಡೆಯಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ಕುದಿಸಿದರು. ಕೋಲಿನಿಂದ ತಿರುವಿದರು. ಕೂಸು ಅತ್ತೆಯ ಜೊತೆ ಪಡಸಾಲೆಯಲ್ಲಿತ್ತು. ಕುದಿಯುವ ಹಂಡೆಯ ಹತ್ತಿರ ಮಕ್ಕಳು ಇರಬಾರದು.

ಅತ್ತೆಯ ಬ್ಲೀಚಿಂಗ್ ಪುಡಿ ಬೇಕಾಗಲಿಲ್ಲ. ಕಟ್ಟಿಗೆ ಇಲ್ಲದ ಮನೆಯಲ್ಲಿ, ಕುದಿಸಲು ಆಗದಿದ್ದಾಗ ಅದು ಬೇಕಾಗುತ್ತದೆ. ಬಿಸಿ ನೀರು ಸಿಗದಿದ್ದರೆ ಬಟ್ಟೆಯನ್ನು ಕ್ಲೋರಿನ್ ನೀರಿನಲ್ಲಿ ಸುಮಾರು 30 ನಿಮಿಷ ನೆನೆಸಿ ಎಂದು ಕೊರೊನಾ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಅದರ ಲೆಕ್ಕದಂತೆ 10 ಲೀಟರ್ ನೀರಿಗೆ ಹೊಸ ಬ್ಲೀಚಿಂಗ್ ಪುಡಿ ಸುಮಾರು 17 ಗ್ರಾಂ ಬೇಕು. ಪುಡಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರು ಬಳಸಬೇಕು. ಬಿಳಿ ಹತ್ತಿ ಬಟ್ಟೆಗೆ ಮಾತ್ರ. ಉಣ್ಣೆಗೆ ಹಾಕಿದರೆ ಉಣ್ಣೆಯೇ ಹಾಳು. ಪಾಯಖಾನೆ ತೊಳೆಯುವ ಆಸಿಡ್ಡನ್ನು ಇದರ ಜೊತೆ ಎಂದೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಎರಡನೇ ಪಾಲು ಯೂನಿಫಾರ್ಮು. ಅದನ್ನು ಕುದಿಸಲಿಲ್ಲ. ಬೇರೆ ಬಕೆಟ್ಟಿನಲ್ಲಿ, ಸಾದಾ ಬಾರ್ ಸೋಪು ಹಚ್ಚಿ, ಬಿಸಿ ನೀರಿನಲ್ಲಿ ಎರಡು ಸಲ ಒಗೆದರು. ಪ್ರತಿ ಸಲ ನೀರು ಬದಲಿಸಿದರು. ಮೂರು ಸಲ ಜಾಲಿಸಿದರು. ಇಡೀ ದಿನ ಬಿಸಿಲಿಗೆ ಹಾಕಿದರು. ಒಣಗಿದ ಮೇಲೆ ಇಸ್ತ್ರಿ ಮಾಡಿದರು. ಕಾದ ಇಸ್ತ್ರಿಪೆಟ್ಟಿಗೆ ಕುದಿಯುವ ನೀರಿಗಿಂತ ಬಿಸಿ. ಕೊರಳಪಟ್ಟಿ, ಜೇಬು, ಹೊಲಿಗೆಯ ಸಂದಿ ಇವಕ್ಕೆ ಚೆನ್ನಾಗಿ ತಾಗಿಸಬೇಕು.

ಮೂರನೆಯದು ಉಣ್ಣೆ ಕಂಬಳಿ. ಇದೇ ಕಷ್ಟದ್ದು. ಕುದಿಸಿದರೆ ಕುಗ್ಗುತ್ತದೆ. ಬ್ಲೀಚ್ ಹಾಕುವಂತಿಲ್ಲ. ವೈರಸ್ ಬಹಳ ದಿನ ಉಳಿಯುವುದೂ ಉಣ್ಣೆಯ ಮೇಲೆಯೇ. ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತುಳಿದು ತುಳಿದು ಒಗೆದರು. ಬೇಲಿಯ ಮೇಲೆ ಹರವಿದರು. ನಾಲ್ಕು ದಿನ ಬಿಸಿಲು ಕಾಯಿಸಿದರು. ಇಷ್ಟಾದರೂ ಆ ಕಂಬಳಿಯನ್ನು ಕೂಸಿಗೆ ಹೊದಿಸಬೇಡಿ ಎಂದು ನಾವು ಹೇಳಿದ್ದೆವು. ಗಂಡನೇ ಹೊದ್ದುಕೊಂಡರು.

ಟ್ರಂಕಿನ ಒಳಮೈಯನ್ನು ಸೋಪಿನ ನೀರಿನಿಂದ ಒರೆಸಿದರು. ಬಕೆಟ್ಟಿಗೂ ಕುದಿ ನೀರು ಹಾಕಿದರು. ಕೊನೆಗೆ ಸೋಪಿನಿಂದ ಕೈ ತೊಳೆದರು. ಬಾಟಲಿಯಲ್ಲಿ ಬರುವ ಸ್ಯಾನಿಟೈಸರ್ ನೊರೊವೈರಸ್ಸಿಗೆ ಅಷ್ಟಾಗಿ ನಾಟುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯುವುದೇ ಸರಿ. ರೋಗ ಬಿಟ್ಟ ಮೇಲೂ ಕೆಲವು ವಾರ ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ. ಪಾಯಖಾನೆಗೆ ಹೋಗಿ ಬಂದಾಗ, ಕೂಸನ್ನು ಎತ್ತುವ ಮೊದಲು ಕೈ ತೊಳೆಯಿರಿ ಎಂದು ಅಕ್ಕ ಗಂಡನಿಗೆ ಹೇಳಿದರಂತೆ. "ನಮ್ಮ ಸಾಹೇಬರಿಗಿಂತ ನೀನ ಜೋರು" ಎಂದು ಅವರು ನಕ್ಕರಂತೆ. ಕೈ ಮಾತ್ರ ತೊಳೆದರು.

ಸೋಮವಾರ ಅಕ್ಕ ತರಗತಿಗೆ ಬಂದರು. ಪಾಟಿಯ ಮೇಲೆ ಒಂದು ತ್ರಿಕೋನ ಬರೆದು ತೋರಿಸಿದರು. ಅದರ ಮೇಲೆ ಅಡ್ಡಡ್ಡ ಎರಡು ಗೆರೆ. ಯೂನಿಫಾರ್ಮಿನ ಕೊರಳ ಒಳಗೆ ಹೊಲಿದ ಚೀಟಿಯಲ್ಲಿ ಆ ಗುರುತು ಇತ್ತಂತೆ. "ಅಕ್ಷರ ನಮ್ಮ ಕನ್ನಡದ್ದಲ್ಲರಿ. ಇದೇನು?" ಎಂದು ಕೇಳಿದರು.

ತ್ರಿಕೋನಕ್ಕೆ ಅಡ್ಡ ಗೆರೆ ಹೊಡೆದಿದ್ದರೆ ಬ್ಲೀಚ್ ಹಾಕಬಾರದು ಎಂದು ಅರ್ಥ. ನೀರಿನ ತೊಟ್ಟಿಯ ಚಿತ್ರದೊಳಗೆ ಅಂಕಿ ಇದ್ದರೆ ನೀರು ಅಷ್ಟು ಡಿಗ್ರಿಗಿಂತ ಹೆಚ್ಚು ಬಿಸಿ ಇರಬಾರದು. ತೊಟ್ಟಿಯಲ್ಲಿ ಕೈ ಇದ್ದರೆ ಕೈಯಿಂದ ಒಗೆಯಬೇಕು. ಇಸ್ತ್ರಿಪೆಟ್ಟಿಗೆಯ ಚಿತ್ರವೂ ಇರುತ್ತದೆ. ಅದರೊಳಗೆ ಒಂದು ಚುಕ್ಕಿ ಇದ್ದರೆ ಕಡಿಮೆ ಬಿಸಿ. ಮೂರು ಚುಕ್ಕಿ ಇದ್ದರೆ ಹೆಚ್ಚು ಬಿಸಿ.

ನಿಮ್ಮ ಮನೆಯ ಅಂಗಿ, ಸ್ವೆಟರ್, ಚಾದರಗಳ ಚೀಟಿ ಹುಡುಕಿ. ಯಾವ ಗುರುತು ಇದೆ? ಪಾಟಿಯ ಮೇಲೆ ಬರೆದುಕೊಂಡು ನಾಳೆ ತರಗತಿಗೆ ತನ್ನಿ.